ಅಂಗೈಯಗಲದ ಬೀರುವಿಗೆ ಬಣ್ಣ ಹಚ್ಚುವ ಬಗೆ

ಪುಣೆಯ ಮಂಗಳವಾರ ಪೇಟೆಯಲ್ಲಿ ಭಾನುವಾರ ಮತ್ತು ಬುಧವಾರ ಸೇರುವ ಜುನಾ ಬಜಾರಿನಲ್ಲಿ, ತುಕ್ಕು ಹಿಡಿದ ಬೀಗಗಳ ರಾಶಿಯ ಪಕ್ಕ, ನನಗೊಂದು ಪುಟ್ಟ ಮರದ ಬೀರು ಸಿಕ್ಕಿತು. ಆರಿಂಚು ಎತ್ತರ, ಎರಡು ಬಾಗಿಲು, ಕೆಳಗೊಂದು ಡ್ರಾಯರು. ಕಿಟಕಿಯ ಸರಳಿಗೆ ಹೊಡೆಯುವ ಹಸಿರು ಆಯಿಲ್ ಪೇಂಟನ್ನು ಯಾರೋ ಅದಕ್ಕೆ ಮೂರು ನಾಲ್ಕು ಸಲ ಬಳಿದಿದ್ದರು. ಬಾಗಿಲ ಮೇಲಿನ ಬಳ್ಳಿಯ ಕೆತ್ತನೆ ಬಣ್ಣದಲ್ಲಿ ಮುಳುಗಿಹೋಗಿ, ಬೆರಳಾಡಿಸಿದರೆ ಬರೀ ಉಬ್ಬುತಗ್ಗು ತಿಳಿಯುತ್ತಿತ್ತು. ಡ್ರಾಯರು ಅಂಟಿಕೊಂಡು ಕೂತಿತ್ತು.

ನಮ್ಮದು ಮೈಸೂರು ಕಡೆಯ ಮನೆ. ಪುಣೆಯ ಕೋಥ್ರೂಡಿಗೆ ಬಂದು ನೆಲೆಸಿದ ಮೇಲೂ ನವರಾತ್ರಿಗೆ ಗೊಂಬೆ ಕೂರಿಸುವುದನ್ನು ಬಿಟ್ಟಿಲ್ಲ. ಮೆಟ್ಟಿಲ ಪಕ್ಕದಲ್ಲಿ ಒಂದು ಗೊಂಬೆಮನೆಯನ್ನೂ ಇಡುತ್ತೇವೆ. ಮಂಚ, ತೊಟ್ಟಿಲು, ಉಯ್ಯಾಲೆ, ಊಟದ ಮಣೆ, ಈಗ ಈ ಬೀರು. ಅಕ್ಕಪಕ್ಕದ ಮರಾಠಿ ಮನೆಯವರು ನೋಡಲು ಬಂದಾಗ ಅವರ ಕಣ್ಣು ಮೊದಲು ಹೋಗುವುದು ಈ ಸಾಮಾನುಗಳ ಕಡೆಗೇ. ತುಳಸಿಬಾಗ್ ಪೇಟೆಯ ಹಿತ್ತಾಳೆಯ ಭಾತುಕಲಿ (ಅಡುಗೆಯಾಟದ ಪುಟ್ಟ ಪಾತ್ರೆಗಳು) ಆಡಿ ಬೆಳೆದವರಿಗೆ ಪುಟ್ಟ ಸಾಮಾನಿನ ಮೇಲಿನ ಪ್ರೀತಿಯನ್ನು ಹೇಳಿಕೊಡಬೇಕಿಲ್ಲ. ಹಳೆಯ ಸಾಮಾನಿಗೆ ಹೊಸ ಬಣ್ಣ, ಹೊಸ ಪಾಲಿಶ್ ಹಾಕುವುದು ಹೇಗೆ ಎಂದು ಪ್ರತಿವರ್ಷ ಒಬ್ಬರಾದರೂ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಹನ್ನೆರಡರಲ್ಲಿ ಒಂದು

ಗೊಂಬೆಮನೆಯ ಸಾಮಾನಿನಲ್ಲಿ ಹೆಚ್ಚು ಬಳಕೆಯ ಅಳತೆ 1:12. ನಿಜದ ಒಂದು ಅಡಿ ಇಲ್ಲಿ ಒಂದು ಇಂಚು. ಆರಡಿ ಬೀರು ಆರಿಂಚು ಆಗುತ್ತದೆ, ಮೂವತ್ತು ಇಂಚಿನ ಮೇಜು ಎರಡೂವರೆ ಇಂಚಿಗೆ ಇಳಿಯುತ್ತದೆ, ಹದಿನೆಂಟು ಇಂಚು ಎತ್ತರದ ಕುರ್ಚಿಯ ಆಸನ ಒಂದೂವರೆ ಇಂಚಿನಲ್ಲಿ ಬರುತ್ತದೆ. ಹೊಸ ದಿಲ್ಲಿಯನ್ನು ರೂಪಿಸಿದ ಎಡ್ವಿನ್ ಲುಟ್ಯೆನ್ಸ್ 1921ರಿಂದ 1924ರ ನಡುವೆ ಇಂಗ್ಲೆಂಡಿನ ರಾಣಿ ಮೇರಿಗಾಗಿ ಕಟ್ಟಿಸಿದ ಗೊಂಬೆಮನೆಯೂ ಇದೇ ಅಳತೆಯದು. ಅದು ಈಗ ವಿಂಡ್ಸರ್ ಅರಮನೆಯಲ್ಲಿದೆ. ಅದರ ನಲ್ಲಿಯಲ್ಲಿ ನೀರು ಬರುತ್ತದೆ, ದೀಪಗಳು ಹತ್ತುತ್ತವೆ.

ಉದ್ದ ಅಗಲಗಳನ್ನು ಎಲ್ಲರೂ ಸರಿಯಾಗಿ ಇಳಿಸುತ್ತಾರೆ. ಇಳಿಸಲು ಮರೆಯುವುದು ಬಣ್ಣದ ದಪ್ಪವನ್ನು. ಮೂರು ನಾಲ್ಕು ಕೋಟು ಆಯಿಲ್ ಪೇಂಟ್ ಒಣಗಿದಾಗ ಸುಮಾರು ಮಿಲಿಮೀಟರಿನ ಹತ್ತನೇ ಒಂದು ಪಾಲು ದಪ್ಪ ಇರುತ್ತದೆ. ನಿಮ್ಮ ಮನೆಯ ಬೀರುವಿನ ಮೇಲೆ ಅದು ಗೊತ್ತೇ ಆಗುವುದಿಲ್ಲ. ಆರಿಂಚಿನ ಬೀರುವಿನ ಮೇಲೆ ಮಾತ್ರ ಅದು ಹನ್ನೆರಡು ಪಟ್ಟು ಕಾಣುತ್ತದೆ, ನಿಜವಾದ ಬೀರುವಿಗೆ ಒಂದು ಮಿಲಿಮೀಟರಿಗೂ ಮಿಗಿಲಾಗಿ ಬಣ್ಣ ಮೆತ್ತಿದ ಹಾಗೆ. ಅಂಚುಗಳು ಮೊಂಡಾಗುತ್ತವೆ, ಕೆತ್ತನೆ ತುಂಬಿಹೋಗುತ್ತದೆ, ಸಾಮಾನು ಸೋಪಿನಲ್ಲಿ ಮಾಡಿದಂತೆ ಕಾಣುತ್ತದೆ. ಹೊಳಪಿನ ಮಾತೂ ಇದೇ. ಕನ್ನಡಿಯ ಹಾಗೆ ಮಿರುಗುವ ವಾರ್ನಿಶ್ ದೊಡ್ಡ ಮೇಜಿಗೆ ಚೆಂದ. ಎರಡೂವರೆ ಇಂಚಿನ ಮೇಜಿಗೆ ಹಚ್ಚಿದರೆ ಅದು ಪ್ಲಾಸ್ಟಿಕ್ ಎನಿಸುತ್ತದೆ. ಮುಂದಿನ ಪ್ರತಿಯೊಂದು ಹಂತದಲ್ಲೂ ನಾನು ಮಾಡುವ ಕೆಲಸ ಒಂದೇ: ಹಚ್ಚುವುದನ್ನು ತೆಳು ಮಾಡುವುದು, ಹೊಳಪನ್ನು ತಗ್ಗಿಸುವುದು.

ಬೇಕಾಗುವ ಸಾಮಾನು

ರವಿವಾರ ಪೇಟೆಯ ಬೋಹ್ರಿ ಆಳಿಯಲ್ಲಿ ಹಾರ್ಡ್‌ವೇರ್ ಅಂಗಡಿಗಳ ಸಾಲೇ ಇದೆ. ಉಪ್ಪುಕಾಗದ (ಇಲ್ಲಿ ಪಾಲಿಶ್ ಪೇಪರ್ ಎಂದು ಕೇಳಿ) 220, 320, 400, 600 ನಂಬರಿನದು ತಲಾ ಒಂದು ಹಾಳೆ, ಚಪಡಾ ಅರಗು ನೂರು ಗ್ರಾಂ, ಪಾಲಿಶಿನ ಸ್ಪಿರಿಟ್, ಲ್ಯಾಕರ್ ವಾರ್ನಿಶನ್ನು ತೆಳು ಮಾಡುವ ಎನ್‌ಸಿ ಥಿನ್ನರಿನ ಚಿಕ್ಕ ಡಬ್ಬಿ ಎಲ್ಲ ಅಲ್ಲೇ ಸಿಗುತ್ತವೆ. “ಕಾಕಾ, ಚಪಡಾ ದ್ಯಾ” ಎಂದರೆ ಕಂದು ಬಣ್ಣದ, ಹಪ್ಪಳದ ಚೂರಿನಂಥ ಅರಗನ್ನು ತೂಗಿ ಕೊಡುತ್ತಾರೆ. ಬಣ್ಣಕ್ಕೆ ಕ್ಯಾಮಲ್ ಅಥವಾ ಫೆವಿಕ್ರಿಲ್ ಅಕ್ರಿಲಿಕ್ ಸಾಕು, ದುಬಾರಿ ವಿದೇಶಿ ಬಾಟಲಿ ಬೇಡ. ಬ್ರಷ್ಷಿನಲ್ಲಿ ಮಾತ್ರ ಜಿಪುಣತನ ಮಾಡಬೇಡಿ. ಸಿಂಥೆಟಿಕ್ ಕೂದಲಿನ ಕಾಲಿಂಚು ಚಪ್ಪಟೆ ಬ್ರಷ್ಷು ಒಂದು, ದುಂಡನೆಯ 2 ಮತ್ತು 0 ನಂಬರಿನವು ಒಂದೊಂದು ಇರಲಿ. ಕೂದಲುದುರುವ ಅಗ್ಗದ ಬ್ರಷ್ಷಿನಿಂದ ಒಂದೇ ಒಂದು ಕೂದಲು ಬಾಗಿಲಿಗೆ ಅಂಟಿದರೆ, ಈ ಅಳತೆಯಲ್ಲಿ ಅದು ಹಗ್ಗದಷ್ಟು ದಪ್ಪ ಕಾಣುತ್ತದೆ.

ಉಳಿದದ್ದು ಮನೆಯಲ್ಲೇ ಇರುತ್ತದೆ: ಇಯರ್ ಬಡ್, ಟೂತ್‌ಪಿಕ್, ಹಳೆಯ ಹಲ್ಲುಜ್ಜುವ ಬ್ರಷ್ಷು, ಉಗುರು ಉಜ್ಜುವ ಪಟ್ಟಿ, ಬಟ್ಟೆಗೆ ಹಾಕುವ ಕ್ಲಿಪ್ಪು, ಬಾಟಲಿಯ ಮುಚ್ಚಳ.

ಮೊದಲು ಗುರುತು ಹಿಡಿಯಿರಿ

ಸಾಮಾನು ಕೈಗೆ ಬಂದ ಕೂಡಲೇ ಉಜ್ಜಲು ಕೂರಬೇಡಿ. ಒಣ ಬ್ರಷ್ಷಿನಿಂದ ಧೂಳು ತೆಗೆದು, ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಬೆರೆಸಿದ ನೀರಿನಲ್ಲಿ ಇಯರ್ ಬಡ್ ಅದ್ದಿ, ಹಿಂಡಿ, ಒರೆಸಿ. ಮರವನ್ನು ನೀರಿನಲ್ಲಿ ಮುಳುಗಿಸಬಾರದು. ಒಳಗಿನ ಅಂಟು ಬಿಟ್ಟುಕೊಳ್ಳುತ್ತದೆ, ತೆಳು ಹಲಗೆ ಸೊಟ್ಟಗಾಗುತ್ತದೆ. ಎಷ್ಟೋ ಸಲ ಕೆಲಸ ಇಲ್ಲಿಗೇ ಮುಗಿಯುತ್ತದೆ. ಕೊಳೆಯಡಿ ಚೆನ್ನಾಗಿಯೇ ಇರುವ ಹಳೆಯ ಪಾಲಿಶ್ ಕಂಡರೆ ಅದನ್ನು ಹಾಗೇ ಬಿಡಿ.

ಇಲ್ಲೊಂದು ಎಚ್ಚರಿಕೆ. ನಿಮ್ಮ ಕೈಯಲ್ಲಿರುವುದು ಚನ್ನಪಟ್ಟಣದ ಕುರ್ಚಿಯೋ ತೊಟ್ಟಿಲೋ ಆಗಿದ್ದರೆ ಸ್ಪಿರಿಟನ್ನು ಹತ್ತಿರವೂ ತರಬೇಡಿ. ಅಲ್ಲಿ ಆಲೆ ಮರವನ್ನು ಕಡೆಯುವ ಯಂತ್ರಕ್ಕೆ (ಲೇತ್) ಕೊಟ್ಟು ತಿರುಗಿಸುತ್ತ, ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿಹಿಡಿಯುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಕೂರುತ್ತದೆ, ಆಮೇಲೆ ಒಣ ಎಲೆಯ ಗರಿಯಿಂದ ಒತ್ತಿ ಹೊಳಪು ಬರಿಸುತ್ತಾರೆ. ಆ ಮೆರುಗನ್ನು ಮನೆಯಲ್ಲಿ ಬ್ರಷ್ಷಿನಿಂದ ಮರಳಿ ತರಲಾಗುವುದಿಲ್ಲ. ಸ್ಪಿರಿಟ್ ಒಂದು ಹನಿ ಬಿದ್ದರೂ ಕಲೆ ನಿಲ್ಲುತ್ತದೆ. ಮೆತ್ತನೆಯ ಒಣಬಟ್ಟೆಯಲ್ಲಿ ಒರೆಸಿ ಇಟ್ಟರೆ ಸಾಕು. ಕಿನ್ನಾಳದ ಗೊಂಬೆಗಳಿಗೂ ಬಣ್ಣ ಹಚ್ಚಲು ಹೋಗಬೇಡಿ. ಅದು ಚಿತ್ರಗಾರರ ಕೈ ಕೆಲಸ.

ಬೇರೆಯವಕ್ಕೆ ಪರೀಕ್ಷೆ ಸುಲಭ. ಕಣ್ಣಿಗೆ ಬೀಳದ ಜಾಗ ಹುಡುಕಿ: ಕುರ್ಚಿಯ ಅಡಿ, ಬೀರುವಿನ ಬೆನ್ನು. ಸ್ಪಿರಿಟಿನಲ್ಲಿ ಅದ್ದಿದ ಇಯರ್ ಬಡ್ಡನ್ನು ಅಲ್ಲಿ ಅರ್ಧ ನಿಮಿಷ ಒತ್ತಿಹಿಡಿಯಿರಿ. ಪಾಲಿಶ್ ಅಂಟಂಟಾಗಿ ಬಡ್ಡಿಗೆ ಕಂದು ಬಣ್ಣ ಬಂದರೆ ಅದು ಅರಗಿನ ಪಾಲಿಶ್. ಬಣ್ಣ ರಬ್ಬರಿನಂತೆ ಮೆತ್ತಗಾಗಿ ಸುಲಿದರೆ ಅಕ್ರಿಲಿಕ್. ಏನೂ ಆಗದಿದ್ದರೆ ಥಿನ್ನರಿನಲ್ಲಿ ಅದ್ದಿ ನೋಡಿ, ಕರಗಿದರೆ ಲ್ಯಾಕರ್. ಅದಕ್ಕೂ ಜಗ್ಗದಿದ್ದರೆ ಆಯಿಲ್ ಪೇಂಟ್ ಅಥವಾ ಪಿಯು (ಪಾಲಿಯುರೆಥೇನ್ ವಾರ್ನಿಶ್). ಪ್ಲಾಸ್ಟಿಕ್ ಸಾಮಾನಿಗೆ ಮಾತ್ರ ಥಿನ್ನರ್ ಮುಟ್ಟಿಸಬೇಡಿ, ಸಾಮಾನೇ ಕರಗುತ್ತದೆ.

ಹಳೆಯ ಬಣ್ಣ ತೆಗೆಯುವುದು

ಹಳೆಯ ಆಯಿಲ್ ಪೇಂಟಿನಲ್ಲಿ ಸೀಸ ಇರಬಹುದು. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದು ಎಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯದು ಎನಿಸಿದ ಯಾವ ಬಣ್ಣವನ್ನೂ ಒಣಗಿದ್ದಾಗ ಉಜ್ಜಬೇಡಿ, ಬಿಸಿ ಮಾಡಿ ಕೆರೆಯಲೂ ಬೇಡಿ. ಧೂಳು, ಹೊಗೆ ಎರಡೂ ಮೈಗೆ ವಿಷ, ಮಕ್ಕಳಿಗಂತೂ ಇನ್ನಷ್ಟು. ನೀರು ಚಿಮುಕಿಸಿ ಒದ್ದೆಯಲ್ಲೇ ಉಜ್ಜಿ, ಕೆಸರನ್ನು ಹಳೆ ಪೇಪರಿನಲ್ಲಿ ಒರೆಸಿ ಪೊಟ್ಟಣ ಕಟ್ಟಿ ಎಸೆಯಿರಿ. ಕೈಗವಸು, ಮಾಸ್ಕು ಹಾಕಿಕೊಳ್ಳಿ. ಈ ಕೆಲಸ ಅಡುಗೆಮನೆಯಲ್ಲಿ ಬೇಡ.

ನನ್ನ ಹಸಿರು ಬೀರುವಿಗೆ ಪೇಂಟ್ ರಿಮೂವರ್ ಬೇಕಾಯಿತು. ಬಾಲ್ಕನಿಯಲ್ಲಿ ಕೂತು, ಒಂದು ಬಾಗಿಲಿಗೆ ಮಾತ್ರ ಹಚ್ಚಿ ಹತ್ತು ನಿಮಿಷ ಬಿಟ್ಟೆ. ಬಣ್ಣ ಕಾಯಿಸಿದ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿ ಮೇಲೆದ್ದಿತು. ಅದನ್ನು ಕೆರೆಯಲು ಚಾಕು ಹಿಡಿಯಬೇಡಿ, ಪುಟ್ಟ ಮರಕ್ಕೆ ಕಬ್ಬಿಣದ ಗೀರು ಬಿದ್ದರೆ ಹೋಗುವುದಿಲ್ಲ. ಬಿದಿರಿನ ಕಡ್ಡಿಯ ತುದಿಯನ್ನು ಉಳಿಯ ಹಾಗೆ ಓರೆಯಾಗಿ ಚೂಪು ಮಾಡಿಕೊಂಡರೆ ಕೆತ್ತನೆಯ ಸಂದಿಯಿಂದ ಬಣ್ಣ ಚೆನ್ನಾಗಿ ಬರುತ್ತದೆ. ಹಸಿರಿನ ಕೆಳಗೆ ನೀಲಿ ಇತ್ತು, ನೀಲಿಯ ಕೆಳಗೆ ತೆಳುವಾದ ಅರಗಿನ ಪಾಲಿಶ್. ಬಳ್ಳಿಯ ಪ್ರತಿ ಎಲೆಗೂ ನಡುವೆ ಒಂದೊಂದು ನರ ಕೊರೆದಿದ್ದರು. ಅದು ಕಂಡದ್ದು ಮೂರನೆಯ ಸಂಜೆ. ಡ್ರಾಯರಿನ ಸಂದಿಯ ಬಣ್ಣವೂ ಸಡಿಲಾಗಿ, ಹಿಂದಿನಿಂದ ಟೂತ್‌ಪಿಕ್ಕಿನಲ್ಲಿ ಮೆಲ್ಲಗೆ ತಳ್ಳಿದಾಗ ಹೊರಗೆ ಬಂತು. ಅದರ ತಳದಲ್ಲಿ ಬಡಗಿ ಸೀಸದ ಕಡ್ಡಿಯಲ್ಲಿ ಹಾಕಿಕೊಂಡ ಗುರುತು ಹಾಗೇ ಇದೆ. ಇಂಥ ಗುರುತಿರುವ ಒಳಭಾಗಗಳಿಗೆ ಉಪ್ಪುಕಾಗದವನ್ನೂ ಬಣ್ಣವನ್ನೂ ಸೋಕಿಸಬೇಡಿ.

ರಿಪೇರಿ, ಉಜ್ಜುವುದು

ಅಲ್ಲಾಡುವ ಕಾಲಿಗೆ ಹಳೆಯ ಅಂಟಿನ ಮೇಲೇ ಹೊಸದನ್ನು ಹಾಕಬೇಡಿ, ಹಿಡಿಯುವುದಿಲ್ಲ. ಫೆವಿಕಾಲಿನಂಥ ಬಿಳಿ ಅಂಟಾದರೆ ಬಿಸಿನೀರಿನ ಬಡ್ಡಿನಿಂದ ಮೆತ್ತಗಾಗುತ್ತದೆ. ಸೂಪರ್ ಗ್ಲೂ ಆದರೆ ಅಸಿಟೋನ್ ಇರುವ ಉಗುರುಬಣ್ಣ ತೆಗೆಯುವ ದ್ರವ ಬೇಕು. ಹೊಸ ಅಂಟನ್ನು ಟೂತ್‌ಪಿಕ್ಕಿನ ತುದಿಯಷ್ಟೇ ಹಚ್ಚಿ. ಮರಕ್ಕೆ ಬಣ್ಣದ ನೀರು ಕುಡಿಸುವುದಿದ್ದರೆ ಅಂಟು ಹಾಕುವ ಮೊದಲೇ ಕುಡಿಸಬೇಕು. ಅಂಟು ಸೋಕಿದ ಮರ ಬಣ್ಣ ಹೀರುವುದಿಲ್ಲ, ಆ ಜಾಗ ಬಿಳಿಚಿಕೊಂಡೇ ಉಳಿಯುತ್ತದೆ.

ಉಜ್ಜುವುದು ಮರದ ಎಳೆಯ ದಿಕ್ಕಿನಲ್ಲೇ, 220ರಿಂದ ಶುರುಮಾಡಿ 400ರವರೆಗೆ. ಚಪ್ಪಟೆ ಹಲಗೆಯಾದರೆ ಕಾಗದವನ್ನು ಮೇಜಿನ ಮೇಲೆ ಹಾಸಿ ಹಲಗೆಯನ್ನೇ ಅದರ ಮೇಲೆ ಎಳೆಯಿರಿ, ಅಂಚು ಉರುಟಾಗುವುದಿಲ್ಲ. ಕುರ್ಚಿಯ ಕಡೆದ ಕಾಲಿಗೆ ಕಾಗದವನ್ನು ಬತ್ತಿಯ ಅಗಲಕ್ಕೆ ಕತ್ತರಿಸಿ, ಕಾಲಿಗೆ ಸುತ್ತಿ, ಬೂಟಿಗೆ ಪಾಲಿಶ್ ಹೊಡೆಯುವವರ ಹಾಗೆ ಎರಡೂ ತುದಿ ಹಿಡಿದು ಎಳೆದಾಡಿ. ಆಮೇಲೆ ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿ ಒಣಗಲು ಬಿಟ್ಟರೆ ಮರದ ನಾರು ನವಿರಾಗಿ ಎದ್ದು ನಿಲ್ಲುತ್ತದೆ. ಅದನ್ನು 600ರಲ್ಲಿ ಹಗುರಕ್ಕೆ ಸವರಿ ತೆಗೆದುಬಿಡಿ. ಈ ಕೆಲಸವನ್ನು ಈಗಲೇ ಮಾಡದಿದ್ದರೆ ಮೊದಲ ಕೋಟು ಬಣ್ಣದ ನೀರಿಗೆ ಅದೇ ನಾರು ಎದ್ದು, ಮೈಯೆಲ್ಲ ತರಿತರಿಯಾಗುತ್ತದೆ.

ಬಣ್ಣವೋ, ಪಾಲಿಶೋ

ಮರದ ಎಳೆ ಸಣ್ಣದಾಗಿದ್ದರೆ ಪಾಲಿಶ್, ದೊಡ್ಡದಾಗಿದ್ದರೆ ಬಣ್ಣ. ನಾನು ನಡೆಸಿಕೊಂಡು ಬಂದದ್ದು ಇದೇ. ತೇಗ ಎಷ್ಟೇ ಒಳ್ಳೆಯ ಮರವಾದರೂ ಅದರ ರಂಧ್ರಗಳು, ಗೆರೆಗಳು 1:12ರಲ್ಲಿ ತೀರ ದಪ್ಪ. ಆಲೆ ಮರ ನುಣುಪು, ಪಾಲಿಶಿಗೆ ಹೇಳಿ ಮಾಡಿಸಿದ್ದು.

ಬಣ್ಣ ಎಂದು ತೀರ್ಮಾನಿಸಿದರೆ ಮೊದಲು ಪ್ರೈಮರ್, ಅಂದರೆ ಬಣ್ಣ ಹಿಡಿಸುವ ತಳದ ಕೋಟು. ಹಳೆಯ ಪಾಲಿಶಿನ ಕೆಂಪು ಬಿಳಿಯ ಅಡಿಯಿಂದ ಇಣುಕಿ ಗುಲಾಬಿ ಕಲೆ ಮಾಡುವುದುಂಟು. ಅನುಮಾನವಿದ್ದರೆ ಪ್ರೈಮರಿಗೂ ಮೊದಲು ತೆಳು ಅರಗಿನ ಒಂದು ಕೋಟು ಹಚ್ಚಿಬಿಡಿ, ಕಲೆ ಅಲ್ಲೇ ನಿಲ್ಲುತ್ತದೆ. ಅಕ್ರಿಲಿಕ್ ಪ್ರೈಮರ್ ಅಥವಾ ಜೆಸ್ಸೊವನ್ನು (ಚಿತ್ರಕಾರರು ಕ್ಯಾನ್ವಾಸಿಗೆ ಹಚ್ಚುವ ಬಿಳಿ ತಳಬಣ್ಣ) ನೀರು ಬೆರೆಸಿ ಒಂದೇ ಕೋಟು ಹಚ್ಚಿ, ಒಣಗಿದ ಮೇಲೆ 600ರಲ್ಲಿ ಸವರಿ.

ಬಣ್ಣದ ಹದ ಎರಡು ಪಾಲು ಬಣ್ಣಕ್ಕೆ ಒಂದು ಪಾಲು ನೀರು. ಬ್ರಷ್ಷಿನಿಂದ ಬೀಳುವ ಹನಿ ನೀರುಮಜ್ಜಿಗೆಯಷ್ಟು ತೆಳುವಲ್ಲ, ಕಾಯಿಸಿದ ಹಾಲಿನಷ್ಟಿರಬೇಕು. ಮೊದಲ ಕೋಟು ಅರೆಬರೆಯಾಗಿ, ಮರ ಕಾಣುವ ಹಾಗಿರುತ್ತದೆ. ಅಲ್ಲಿ ಕೈ ತಡೆದುಕೊಳ್ಳಿ, ಮುಚ್ಚಲಿ ಎಂದು ಇನ್ನಷ್ಟು ಮೆತ್ತಬೇಡಿ. ಅರ್ಧ ಗಂಟೆ ಬಿಟ್ಟು ಎರಡನೆಯದು, ಮತ್ತೆ ಮೂರನೆಯದು. ನಾಲ್ಕು ತೆಳು ಕೋಟು ಸೇರಿದರೂ ಒಂದು ದಪ್ಪ ಕೋಟಿಗಿಂತ ಕಡಿಮೆ ದಪ್ಪ, ಬ್ರಷ್ಷಿನ ಗೆರೆಯೂ ಇರುವುದಿಲ್ಲ. ಕೆತ್ತನೆಯ ಗುಳಿಯಲ್ಲಿ ಬಣ್ಣ ನಿಂತರೆ ಒಣ ಬ್ರಷ್ಷಿನ ತುದಿಯಿಂದ ಆಗಲೇ ಹೀರಿ ತೆಗೆಯಿರಿ.

ಬಣ್ಣದ ಗಾಢತೆಯನ್ನೂ ಇಳಿಸಬೇಕು. ನಿಜದ ಬೀರುವನ್ನು ನಾವು ಕೋಣೆಯ ಆ ತುದಿಯಿಂದ ನೋಡುತ್ತೇವೆ, ನಡುವಿನ ಗಾಳಿ ಬೆಳಕುಗಳಲ್ಲಿ ಬಣ್ಣ ಸ್ವಲ್ಪ ಮಾಸಿ ಕಾಣುತ್ತದೆ. ಬಾಟಲಿಯ ಕಡು ನೀಲಿಯನ್ನು ಹಾಗೇ ಹಚ್ಚಿದರೆ ಪುಟ್ಟ ಸಾಮಾನು ಕಣ್ಣಿಗೆ ರಾಚುತ್ತದೆ. ಚಿಟಿಕೆ ಬಿಳಿ, ಸ್ವಲ್ಪ ಬೂದು ಬೆರೆಸಿ. ಅಚ್ಚ ಕಪ್ಪು, ಅಚ್ಚ ಬಿಳಿ ಎರಡನ್ನೂ ನಾನು ಬಳಸುವುದಿಲ್ಲ.

ಹಿಡಿಯುವುದು ಎಲ್ಲಿ ಎಂಬ ತೊಡಕು ಎಲ್ಲರಿಗೂ ಬರುತ್ತದೆ. ಕುರ್ಚಿಯನ್ನು ತಲೆಕೆಳಗೆ ಮಾಡಿ ಕಾಲು, ಅಡಿಭಾಗ ಮೊದಲು ಮುಗಿಸಿ. ಒಣಗಿದ ಮೇಲೆ ಅದರ ಕಾಲುಗಳನ್ನು ಎರಡು ಬದಿ ಅಂಟುವ ಟೇಪಿನಿಂದ ಬಾಟಲಿಯ ಮುಚ್ಚಳಕ್ಕೆ ಅಂಟಿಸಿಕೊಂಡರೆ, ಮುಚ್ಚಳ ತಿರುಗಿಸುತ್ತ ಸುತ್ತಲೂ ಹಚ್ಚಬಹುದು.

ಅರಗಿನ ಪಾಲಿಶ್, ಮತ್ತು ಮಳೆ

ಬೀರುವಿಗೆ ನಾನು ಕೊಟ್ಟದ್ದು ಪಾಲಿಶ್. ಹತ್ತು ಗ್ರಾಂ ಚಪಡಾವನ್ನು ನೂರು ಮಿಲಿ ಸ್ಪಿರಿಟಿನಲ್ಲಿ ಹಾಕಿ, ಗಾಜಿನ ಸೀಸೆಯಲ್ಲಿ ರಾತ್ರಿಯಿಡೀ ಬಿಡಿ. ನಡುವೆ ಆಗಾಗ ಅಲ್ಲಾಡಿಸಿ. ಬೆಳಿಗ್ಗೆ ತೆಳುಬಟ್ಟೆಯಲ್ಲಿ ಸೋಸಿಕೊಳ್ಳಿ. ದೊಡ್ಡ ಸಾಮಾನಿಗೆ ಪಾಲಿಶಿನವರು ಇದಕ್ಕಿಂತ ಗಟ್ಟಿಯಾಗಿ ಕಲಸುತ್ತಾರೆ. ನಮಗೆ ಇಷ್ಟು ತೆಳುವೇ ಸರಿ. ಸೀಸೆಯ ಮೇಲೆ ತಾರೀಖು ಬರೆದಿಡಿ, ಆರು ತಿಂಗಳು ದಾಟಿದ್ದು ಸರಿಯಾಗಿ ಒಣಗದೆ ಅಂಟಂಟಾಗಬಹುದು. ಈ ಸ್ಪಿರಿಟ್ ಬೇಗ ಹೊತ್ತಿಕೊಳ್ಳುತ್ತದೆ, ಕುಡಿದರೆ ವಿಷ. ದೇವರ ದೀಪ, ಗ್ಯಾಸಿನ ಒಲೆ, ಮಕ್ಕಳ ಕೈ ಮೂರರಿಂದಲೂ ದೂರವಿಡಿ.

ಮರ ಬಿಳಿಚಿಕೊಂಡಿದ್ದರೆ ಪಾಲಿಶಿಗೆ ಮೊದಲು ಗಟ್ಟಿ ಚಹಾ ಡಿಕಾಕ್ಷನ್ನನ್ನು, ಹಾಲು ಸಕ್ಕರೆ ಇಲ್ಲದೆ, ಒಂದೆರಡು ಸಲ ಹಚ್ಚಿ ಒಣಗಿಸಿ. ಹಳೆಯ ಕಾಲದ ಕಪ್ಪುಛಾಯೆ ಬೇಕೆಂದರೆ ಸ್ಟೀಲ್ ವುಲ್ಲಿನ (ಕಬ್ಬಿಣದ ನವಿರು ಎಳೆಗಳ) ಸಣ್ಣ ಉಂಡೆಯನ್ನು ಬಿಳಿ ವಿನೆಗರಿನಲ್ಲಿ ಎರಡು ದಿನ ನೆನೆಹಾಕಿ. ಮುಚ್ಚಳ ಬಿಗಿಯಬೇಡಿ, ಒಳಗೆ ಗ್ಯಾಸು ಹುಟ್ಟುತ್ತದೆ. ಸೋಸಿದ ಆ ನೀರನ್ನು ಚಹಾ ಕುಡಿದ ಮರಕ್ಕೆ ಸವರಿದರೆ, ಚಹಾದ ಒಗರೂ ಕಬ್ಬಿಣವೂ ಕೂಡಿ ಕಣ್ಣೆದುರೇ ಬೂದುಗಪ್ಪು ಏರುತ್ತದೆ. ಬಣ್ಣ ಮರದೊಳಗೇ ಹುಟ್ಟುವುದರಿಂದ ಮೇಲೆ ಪದರ ಕೂರುವುದಿಲ್ಲ. ಪುಟ್ಟ ಸಾಮಾನಿಗೆ ಇದಕ್ಕಿಂತ ಒಳ್ಳೆಯ ಬಣ್ಣ ನಾನು ಕಂಡಿಲ್ಲ.

ಅರಗನ್ನು ಚಪ್ಪಟೆ ಬ್ರಷ್ಷಿನಲ್ಲಿ ಒಂದೇ ಎಳೆತಕ್ಕೆ ಹಚ್ಚಿ ಮುಂದೆ ಹೋಗಿ. ಹಚ್ಚಿದ ಜಾಗಕ್ಕೆ ತಿರುಗಿ ಬಂದರೆ ಕೆಳಗಿನದು ಕರಗಿ ಎಳೆಯೆಳೆಯಾಗುತ್ತದೆ. ಮೂರು ಕೋಟು, ನಡುವೆ ಅರ್ಧ ಗಂಟೆ, ಪ್ರತಿ ಸಲವೂ 600ರಲ್ಲಿ ಒಂದು ಸವರು. ಮರುದಿನ ಜೇನುಮೇಣದ ಪಾಲಿಶನ್ನು ಬಟ್ಟೆಯ ತುದಿಯಲ್ಲಿ ತೆಗೆದುಕೊಂಡು ಉಜ್ಜಿದರೆ ಹೊಳಪು ತಗ್ಗಿ, ಬಳಸಿ ಬಳಸಿ ನುಣುಪಾದ ಮರದ ಮೈ ಬರುತ್ತದೆ.

ಪುಣೆಯಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಈ ಕೆಲಸ ಬೇಡ. ದಸರೆ ಹತ್ತಿರ ಬಂತೆಂದು ಒಂದು ಜುಲೈನಲ್ಲಿ ನಾನು ಕುರ್ಚಿಯೊಂದಕ್ಕೆ ಅರಗು ಹಚ್ಚಿದೆ. ಹೊರಗೆ ಜಿಟಿಜಿಟಿ ಮಳೆ. ಐದು ನಿಮಿಷದಲ್ಲಿ ಇಡೀ ಕುರ್ಚಿಯ ಮೇಲೆ ಬೂದಿ ಬಳಿದಂಥ ಬಿಳಿ ಮುಸುಕು ಕವಿಯಿತು. ಸ್ಪಿರಿಟ್ ಆರುವಾಗ ಮೈ ತಣ್ಣಗಾಗಿ, ಗಾಳಿಯ ತೇವ ಪಾಲಿಶಿನೊಳಗೇ ಸಿಕ್ಕಿಕೊಳ್ಳುವುದರಿಂದ ಹೀಗಾಗುತ್ತದೆ. ಸ್ಪ್ರೇ ಡಬ್ಬಿಯ ವಾರ್ನಿಶಿಗೂ ಇದೇ ಗತಿ. ಸರಿಪಡಿಸಲು ಒಣಹವೆಗಾಗಿ ಕಾಯಬೇಕು. ಅಕ್ಟೋಬರಿನ ಬಿಸಿಲಿನಲ್ಲಿ ಬ್ರಷ್ಷಿಗೆ ಬರೀ ಸ್ಪಿರಿಟ್ ತಾಗಿಸಿ ಒಮ್ಮೆ ಸವರಿದೆ, ಅರಗು ಕರಗಿ ಮತ್ತೆ ಕೂತು ಮುಸುಕು ಹೋಯಿತು. ಆ ವರ್ಷ ಗೊಂಬೆಗೆ ಕುರ್ಚಿ ಇರಲಿಲ್ಲ. ಈಗ ಯುಗಾದಿ ಕಳೆದ ಕೂಡಲೇ ಶುರುಮಾಡುತ್ತೇನೆ. ಅಕ್ರಿಲಿಕ್ ಬಣ್ಣವನ್ನು ಮಳೆಯಲ್ಲೂ ಹಚ್ಚಬಹುದು, ಒಣಗಲು ಎರಡು ಪಟ್ಟು ಸಮಯ ಕೊಡಿ. ಮೇ ತಿಂಗಳ ಮಧ್ಯಾಹ್ನದಲ್ಲಿ ತೊಂದರೆ ಬೇರೆ: ಬಣ್ಣ ಬ್ರಷ್ಷಿನಲ್ಲೇ ಒಣಗುತ್ತದೆ. ಬೆಳಗಿನ ಹೊತ್ತೇ ಒಳ್ಳೆಯದು.

ಬಟ್ಟೆ, ಹಿತ್ತಾಳೆ

ಕುರ್ಚಿಯ ಆಸನಕ್ಕೆ, ಮಂಚದ ಹಾಸಿಗೆಗೆ ಬಟ್ಟೆ ಹುಡುಕುವಾಗ ಗುಳೇದಗುಡ್ಡದ ಖಣವನ್ನು ನೆನೆಯಿರಿ. ಅದರ ಬುಟ್ಟಾ ಎಷ್ಟು ಚಿಕ್ಕದೆಂದರೆ ಒಂದೂವರೆ ಇಂಚಿನ ಆಸನದಲ್ಲೂ ಪೂರ್ತಿ ನಾಲ್ಕಾರು ಕೂರುತ್ತವೆ. ಇಲ್ಲಿನ ಹೆಂಗಸರೂ ಖಣದ ರವಿಕೆ ತೊಡುವುದರಿಂದ ಲಕ್ಷ್ಮೀ ರೋಡಿನಲ್ಲಿ ಸುಲಭವಾಗಿ ಸಿಗುತ್ತದೆ. ಕತ್ತರಿಸುವ ಮೊದಲು ಹಿಂಬದಿಗೆ ನೀರು ಬೆರೆಸಿದ ಫೆವಿಕಾಲ್ ಸವರಿ ಒಣಗಿಸಿದರೆ ಎಳೆ ಬಿಚ್ಚುವುದಿಲ್ಲ.

ಬಾಗಿಲ ಹಿಡಿಗೆ ಹಿತ್ತಾಳೆಯ ಗುಂಡುಸೂಜಿಯ ತಲೆ ಸಾಕು. ಸೂಜಿಯನ್ನು ನೇರ ಚುಚ್ಚಿದರೆ ಮರ ಸೀಳುತ್ತದೆ, ಸಣ್ಣ ಡ್ರಿಲ್ ಬಿಟ್ಟನ್ನು ಬೆರಳಲ್ಲೇ ತಿರುಗಿಸಿ ತೂತು ಮಾಡಿಕೊಳ್ಳಿ. ಹಳೆಯ ಹಿತ್ತಾಳೆ ಹಿಡಿಗಳಿದ್ದರೆ ಬಿಚ್ಚಿ ಹುಣಿಸೆಹಣ್ಣಿನಲ್ಲಿ ತಿಕ್ಕಿ. ಮರದ ಮೇಲಿದ್ದಾಗಲೇ ತಿಕ್ಕಿದರೆ ಹುಳಿ ಮರಕ್ಕಿಳಿದು ಕಪ್ಪು ಕಲೆ ಕಟ್ಟುತ್ತದೆ. ಈ ಹಿಡಿಗಳು ಬಾಯಿಗೆ ಹೋಗುವಷ್ಟು ಚಿಕ್ಕವು. ಮೂರು ವರ್ಷದೊಳಗಿನ ಮಕ್ಕಳು ಮನೆಗೆ ಬಂದಾಗ ಗೊಂಬೆಮನೆಯನ್ನು ಮೇಲಿನ ಮೆಟ್ಟಿಲಿಗೆ ಏರಿಸಿ.

ಮತ್ತೆ ಜೋಡಿಸುವಾಗ

ಅಕ್ರಿಲಿಕ್ ಮುಟ್ಟಿದರೆ ಒಣಗಿದಂತಿದ್ದರೂ ಒಳಗೆ ಗಟ್ಟಿಯಾಗಲು ದಿನಗಳು ಬೇಕು. ಬಣ್ಣ ಹಚ್ಚಿದ ಎರಡು ಅಂಚು ಒಂದಕ್ಕೊಂದು ತಾಗಿಕೊಂಡಿದ್ದರೆ ಅಂಟಿಹೋಗಿ, ಎಳೆದಾಗ ಬಣ್ಣ ಕಿತ್ತು ಬರುತ್ತದೆ. ಬಾಗಿಲುಗಳ ನಡುವೆ ಬೆಂಕಿಕಡ್ಡಿಯೊಂದನ್ನು ಸಿಕ್ಕಿಸಿ ಒಂದು ವಾರ ತೆರೆದೇ ಇಡಿ. ಡ್ರಾಯರಿನ ಪಕ್ಕಗಳಿಗೆ, ತಳದ ಅಂಚಿಗೆ ಬಣ್ಣ ಬೇಡವೇ ಬೇಡ. ಅಲ್ಲಿ ಮೇಣದಬತ್ತಿಯನ್ನು ಎರಡು ಸಲ ಉಜ್ಜಿ, ಒಳಗೆ ತಳ್ಳಿ, ಹೊರಗೆ ಎಳೆಯಿರಿ. ಇನ್ನೂ ಬಿಗಿ ಎನಿಸಿದರೆ 400ರ ಕಾಗದದಲ್ಲಿ ಪಕ್ಕಗಳನ್ನು ಒಮ್ಮೆ ಸವರಿ ಮತ್ತೆ ಮೇಣ ಹಚ್ಚಿ, ಬೆರಳ ತುದಿಯ ಒತ್ತಿಗೇ ಜಾರುವವರೆಗೆ.